ವಿಕೆಟ್‌ನಲ್ಲಿ ಲಿಂಕಿನ ಮೇಲಿನ ಬರಹ: ಯಾವ ದಾರಿ ಯಾರಿಗೆ?

ಕಾಸರಗೋಡಿನ ಬದಿಯಡ್ಕದ ಕಡೆಯ ಒಬ್ಬ ಗೆಳೆಯರು ಹೋದ ವಾರ ಫೋನ್ ಮಾಡಿದ್ದರು. ಶಾಲೆ, ವಾಚನಾಲಯ, ಸಹಕಾರಿ ಸಂಘಗಳಿಗೆ ವೆಬ್‌ಸೈಟ್ ಮಾಡಿಕೊಡುವ ಕೆಲಸ ಅವರದ್ದು. ಒಬ್ಬರೇ ಎಲ್ಲ ನೋಡಿಕೊಳ್ಳುತ್ತಾರೆ. ಜಾವಾ ಚೆನ್ನಾಗಿ ಗೊತ್ತು, ಅಪಾಚಿ ವಿಕೆಟ್ ಮಾತ್ರ ಹೊಸತು. "ಲಿಂಕ್ ಏನೋ ಕೆಲಸ ಮಾಡುತ್ತದೆ. ಆದರೆ ಅದರ ಮೇಲೆ ಅಕ್ಷರ ಹಾಕುವುದಕ್ಕೆ ಐದಾರು ದಾರಿ ಕಾಣುತ್ತದೆ. ಯಾವುದನ್ನು ಹಿಡಿಯಲಿ?" ಎಂದು ಕೇಳಿದರು. ಇದೇ ಪ್ರಶ್ನೆಯನ್ನು ಈಚೆಗೆ ಇನ್ನೂ ಮೂರು ನಾಲ್ಕು ಜನ ಕೇಳಿದ್ದಾರೆ. ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಕೂತು ಬರೆಯುವುದೇ ಮೇಲು ಅನಿಸಿತು.

ವಿಕೆಟ್ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಜಾವಾದಲ್ಲಿ ವೆಬ್‌ಸೈಟ್ ಕಟ್ಟುವ ಚೌಕಟ್ಟು. ಅಪಾಚಿ ಸಾಫ್ಟ್‌ವೇರ್ ಫೌಂಡೇಶನ್ನಿನ ಆಸರೆಯಲ್ಲಿದೆ, 2007ರಿಂದ ಅಲ್ಲಿನ ಪೂರ್ಣ ಪ್ರಮಾಣದ ಯೋಜನೆ. ಪ್ರತಿ ಪುಟಕ್ಕೆ ಎರಡು ಫೈಲು: ಒಂದು ಎಚ್‌ಟಿಎಂಎಲ್, ಇನ್ನೊಂದು ಜಾವಾ ಕ್ಲಾಸ್. ಎಚ್‌ಟಿಎಂಎಲ್‌ನ ಟ್ಯಾಗಿಗೆ ವಿಕೆಟ್ ಐಡಿ ಕೊಡುತ್ತೇವೆ, ಅದೇ ಐಡಿಯ ಕಾಂಪೊನೆಂಟನ್ನು, ಅಂದರೆ ಪುಟದ ಆ ತುಂಡನ್ನು ನೋಡಿಕೊಳ್ಳುವ ಆಬ್ಜೆಕ್ಟನ್ನು, ಜಾವಾದಲ್ಲಿ ಸೇರಿಸುತ್ತೇವೆ. ಜಾವಾದ ಲಿಂಕ್ ಕಾಂಪೊನೆಂಟಿಗೆ ಒತ್ತಿದರೆ ಏನು ಮಾಡಬೇಕು ಅನ್ನುವುದಷ್ಟೇ ಗೊತ್ತು. ಅದರ ಮೇಲೆ ಏನು ಬರೆದಿರಬೇಕು ಅನ್ನುವುದನ್ನು ನಾವೇ ಬೇರೆಯಾಗಿ ಹೇಳಬೇಕು. ಗೊಂದಲ ಶುರುವಾಗುವುದು ಅಲ್ಲೇ.

ಹೊರಗಿನಿಂದ ನೋಡಿದರೆ ಇದು ಸಣ್ಣ ವಿಷಯ. ಆದರೆ ಪುಟ ತೆರೆದವರು ಮೊದಲು ಓದುವುದು ಲಿಂಕಿನ ಮೇಲಿನ ಮಾತನ್ನೇ. ನಾನು ಅಡಿಕೆ ಖರೀದಿಸುವ ಒಂದು ಸಂಘಕ್ಕೆ ದಿನದ ಧಾರಣೆಯ ಪುಟ ಮಾಡಿಕೊಟ್ಟಿದ್ದೆ. ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಕರಿಗೋಟು, ಕೋಕ, ಹೀಗೆ ಸಾಲಾಗಿ ಹೆಸರು. ಪ್ರತಿ ಸಾಲಿನ ಕೊನೆಗೆ ಇಂಗ್ಲಿಷಿನಲ್ಲಿ 'ವ್ಯೂ' ಎಂಬ ಲಿಂಕ್. ಒಂದು ದಿನ ಅಲ್ಲಿನ ಕೌಂಟರಿನ ಹತ್ತಿರ ನಿಂತಿದ್ದೆ. ಎಪ್ಪತ್ತು ದಾಟಿದ ಕೃಷಿಕರೊಬ್ಬರು ಫೋನನ್ನು ದೂರ ಹಿಡಿದು ಆ ಪುಟವನ್ನೇ ನೋಡುತ್ತಿದ್ದರು. ಬೆರಳು ಕರಿಗೋಟಿನ ಸಾಲಿನ ಮೇಲೆ ಬಂತು, ನಿಂತಿತು, ಹಿಂದೆ ಹೋಯಿತು. "ಇದನ್ನು ಒತ್ತಿದರೆ ಎಂತ ಆಗ್ತದೆ?" ಎಂದು ಪಕ್ಕದವರನ್ನು ಕೇಳಿದರು. ಲಿಂಕಿನ ಬರಹವನ್ನು ಕೊನೆಗೆ ಮಾಡುವ ಕೆಲಸ ಎಂದು ನೋಡುವುದನ್ನು ನಾನು ಅವತ್ತಿಗೇ ಬಿಟ್ಟೆ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ದಾರಿ ಯಾವುದು ಅನ್ನುವ ಮೊದಲು ನಿಮ್ಮ ಲಿಂಕಿನ ಬಗ್ಗೆ ಕೆಲವು ವಿಷಯ ಗೊತ್ತಿರಬೇಕು.

ಮೊದಲನೆಯದು, ಆ ಮಾತು ಬದಲಾಗುತ್ತದಾ? 'ಮುಖಪುಟ' ಎಂದೂ ಮುಖಪುಟವೇ. ಆದರೆ ಸೂಚನೆಗಳ ಪಟ್ಟಿಯಲ್ಲಿ ಪ್ರತಿ ಲಿಂಕಿನ ಹೆಸರೂ ಡೇಟಾಬೇಸಿನಿಂದ ಬರುತ್ತದೆ.

ಎರಡನೆಯದು, ಎಷ್ಟು ಭಾಷೆ? ನಮ್ಮ ಊರಿನವರಿಗೆ ಇದು ಮುಖ್ಯ ಪ್ರಶ್ನೆ. 1956ರ ನವೆಂಬರ್ 1ರಿಂದ ಕಾಸರಗೋಡು ಕೇರಳದಲ್ಲಿದೆ. ಒಂದೇ ಮನೆಯಲ್ಲಿ ಅಜ್ಜನಿಗೆ ಕನ್ನಡ ಓದು, ಮೊಮ್ಮಗನಿಗೆ ಮಲಯಾಳ ಓದು ಇರುವುದು ಇಲ್ಲಿ ಸಾಮಾನ್ಯ. ಎರಡು ಭಾಷೆಯ ಬೋರ್ಡು, ಎರಡು ಭಾಷೆಯ ಅರ್ಜಿ ನಮಗೆ ಹೊಸದಲ್ಲ. ವೆಬ್‌ಸೈಟೂ ಹಾಗೇ ಇರಬೇಕು ಎಂದು ಇಂದಲ್ಲ ನಾಳೆ ಯಾರಾದರೂ ಕೇಳಿಯೇ ಕೇಳುತ್ತಾರೆ.

ಮೂರನೆಯದು, ಲಿಂಕಿನೊಳಗೆ ಬರೀ ಮಾತು ಇದೆಯಾ, ಅಥವಾ ಐಕಾನ್, ಎಣಿಕೆಯ ಸಂಖ್ಯೆ, ದಪ್ಪ ಅಕ್ಷರ ಹೀಗೆ ಬೇರೆ ಏನಾದರೂ ಇದೆಯಾ?

ನಾಲ್ಕನೆಯದು, ನಾಳೆ ಆ ಮಾತನ್ನು ತಿದ್ದುವವರು ಯಾರು? ನೀವೇನಾ, ಎಚ್‌ಟಿಎಂಎಲ್ ಮಾತ್ರ ಗೊತ್ತಿರುವ ಡಿಸೈನರಾ, ಅಥವಾ ಸಂಘದ ಕಚೇರಿಯಲ್ಲಿ ಕೂತ ಗುಮಾಸ್ತರಾ? ಸಣ್ಣ ಬಜೆಟ್ಟಿನ ಕೆಲಸದಲ್ಲಿ ಇದನ್ನು ಮರೆಯುವವರೇ ಜಾಸ್ತಿ. 'ಧಾರಣೆ'ಯನ್ನು 'ಇಂದಿನ ಧಾರಣೆ' ಮಾಡುವುದಕ್ಕೆ ಜಾವಾ ಕೋಡ್ ತೆರೆದು, ಮತ್ತೆ ಬಿಲ್ಡ್ ಮಾಡಿ, ಸರ್ವರಿಗೆ ಹಾಕಬೇಕು ಅಂದರೆ ಅದರ ಖರ್ಚು ಯಾರ ತಲೆಗೆ?

ಕೊನೆಯದು, ಕಣ್ಣು ಕಾಣದವರು ಫೋನಿನ ಓದಿ ಹೇಳುವ ತಂತ್ರಾಂಶದಲ್ಲಿ ಕೇಳಿದರೆ ಆ ಲಿಂಕ್ ಅರ್ಥವಾಗುತ್ತದಾ? ಡಬ್ಲ್ಯೂಸಿಎಜಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯ 2.4.4ನೇ ನಿಯಮ ಇದನ್ನೇ ಕೇಳುತ್ತದೆ. ಲಿಂಕ್ ಎಲ್ಲಿಗೆ ಒಯ್ಯುತ್ತದೆ ಎಂಬುದು ಅದರ ಬರಹದಿಂದ, ಇಲ್ಲವೇ ಬರಹ ಮತ್ತು ಅದರ ಸುತ್ತಲಿನ ಮಾತು ಸೇರಿ ಗೊತ್ತಾಗಬೇಕು. ಇದು 'ಎ' ಮಟ್ಟದ ನಿಯಮ, ಅಂದರೆ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ಇಷ್ಟಾದರೂ ಇರಲೇಬೇಕು.

ಎಚ್‌ಟಿಎಂಎಲ್‌ನಲ್ಲೇ ಬರೆದುಬಿಡುವುದು

ಎಲ್ಲಕ್ಕಿಂತ ಸುಲಭದ ದಾರಿ ಇದು. ಎ ಟ್ಯಾಗಿಗೆ, ಅಂದರೆ ಲಿಂಕಿನ ಟ್ಯಾಗಿಗೆ, ವಿಕೆಟ್ ಐಡಿ ಕೊಟ್ಟು ಅದರೊಳಗೆ 'ಮುಖಪುಟ' ಎಂದು ಟೈಪ್ ಮಾಡಿ. ಜಾವಾದಲ್ಲಿ ಲಿಂಕ್ ಸೇರಿಸಿ. ಮುಗಿಯಿತು. ವಿಕೆಟ್ ಟ್ಯಾಗಿನೊಳಗಿನ ಮಾತನ್ನು ಇದ್ದ ಹಾಗೇ ಕಳಿಸುತ್ತದೆ, ಹೋಗುವ ವಿಳಾಸವನ್ನು ಮಾತ್ರ ತಾನು ತುಂಬುತ್ತದೆ. ಐಕಾನ್ ಬೇಕಾ? ಅದನ್ನೂ ಅಲ್ಲೇ ಹಾಕಿ. ಡಿಸೈನರು ಬ್ರೌಸರಿನಲ್ಲಿ ಫೈಲನ್ನು ನೇರ ತೆರೆದು ನೋಡಬಹುದು.

ತುಂಬಾ ಜನ ಇದನ್ನು ಕಲಿಯುವವರ ದಾರಿ ಎಂದು ಬಿಟ್ಟುಬಿಡುತ್ತಾರೆ. ಹಾಗೇನೂ ಇಲ್ಲ. ಒಂದೇ ಭಾಷೆಯ, ಮಾತು ಬದಲಾಗದ ಪುಟಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಕೋಡ್ ಕಮ್ಮಿ ಇದ್ದಷ್ಟೂ ಕೆಡುವ ಜಾಗ ಕಮ್ಮಿ.

ಎರಡು ಭಾಷೆಯ ಪುಟದಲ್ಲೂ ಇದೇ ದಾರಿ ಸರಿಯಾಗುವ ಒಂದು ಜಾಗ ಇದೆ. ಭಾಷೆ ಬದಲಿಸುವ ಲಿಂಕ್. ಪುಟ ಯಾವ ಭಾಷೆಯಲ್ಲೇ ಇರಲಿ, 'ಕನ್ನಡ' ಎಂಬುದು ಕನ್ನಡ ಲಿಪಿಯಲ್ಲೇ ಕಾಣಬೇಕು, ಮಲಯಾಳ ಎಂಬುದು ಮಲಯಾಳ ಲಿಪಿಯಲ್ಲೇ ಕಾಣಬೇಕು. ಮಲಯಾಳ ಓದಲಾರದ ಅಜ್ಜಿಗೆ ಮಲಯಾಳ ಲಿಪಿಯಲ್ಲಿ 'ಕನ್ನಡ' ಎಂದು ಬರೆದು ತೋರಿಸಿ ಏನು ಪ್ರಯೋಜನ, ಅಲ್ವಾ? ಹಾಗಾಗಿ ಈ ಎರಡು ಮಾತನ್ನು ಎಚ್‌ಟಿಎಂಎಲ್‌ನಲ್ಲೇ ಕಾಯಂ ಮಾಡಿ. ಜೊತೆಗೆ ಆ ಟ್ಯಾಗಿಗೆ ಭಾಷೆಯ ಗುರುತನ್ನೂ, ಅಂದರೆ ಲ್ಯಾಂಗ್ ಆಟ್ರಿಬ್ಯೂಟನ್ನೂ ಹಾಕಿ. ಆಗ ಓದಿ ಹೇಳುವ ತಂತ್ರಾಂಶಕ್ಕೆ ಯಾವ ಭಾಷೆಯ ದನಿಯಲ್ಲಿ ಓದಬೇಕು ಎಂದು ಗೊತ್ತಾಗುತ್ತದೆ.

ಲಿಂಕಿನೊಳಗೆ ಲೇಬಲ್

ಇದು ವಿಕೆಟ್‌ನ ಹಳೆಯ ರೂಢಿ. ಎ ಟ್ಯಾಗಿನೊಳಗೆ ಒಂದು ಸ್ಪ್ಯಾನ್ ಟ್ಯಾಗ್ ಇಟ್ಟು ಅದಕ್ಕೆ ಬೇರೆ ಐಡಿ ಕೊಡುತ್ತೇವೆ. ಜಾವಾದಲ್ಲಿ ಲಿಂಕಿನ ಮೇಲೆ ಆಡ್ ಕರೆದು ಲೇಬಲನ್ನು, ಅಂದರೆ ಮಾತು ತೋರಿಸುವ ಕಾಂಪೊನೆಂಟನ್ನು, ಅದರ ಮಗುವಾಗಿ ಸೇರಿಸುತ್ತೇವೆ. ಇಲ್ಲಿ ಹೊಸಬರು ಎಡವುವುದು ಒಂದೇ ಕಡೆ. ಲೇಬಲನ್ನು ಲಿಂಕಿಗೆ ಸೇರಿಸುವ ಬದಲು ಪುಟಕ್ಕೆ ಸೇರಿಸಿಬಿಡುತ್ತಾರೆ. ಎಚ್‌ಟಿಎಂಎಲ್‌ನಲ್ಲಿ ಸ್ಪ್ಯಾನ್ ಎ ಟ್ಯಾಗಿನ ಒಳಗಿದೆ, ಜಾವಾದಲ್ಲಿ ಹೊರಗಿದೆ. ಎರಡೂ ಕಡೆ ಮನೆಯ ನಕ್ಷೆ ಒಂದೇ ಇರಬೇಕು ಎಂಬುದು ವಿಕೆಟ್‌ನ ಹಟ. ಇಲ್ಲದಿದ್ದರೆ ಆ ಐಡಿಯ ಕಾಂಪೊನೆಂಟ್ ಸಿಗಲಿಲ್ಲ ಎಂದು ಪುಟ ನಿಂತುಬಿಡುತ್ತದೆ.

ಈ ದಾರಿಯ ಬಲ ಏನೆಂದರೆ ಲಿಂಕಿನೊಳಗೆ ಎಷ್ಟು ಬೇಕಾದರೂ ತುಂಡು ಇಡಬಹುದು. 'ಸೂಚನೆಗಳು' ಎಂಬುದು ಒಂದು ಲೇಬಲ್, ಪಕ್ಕದ ಕೆಂಪು ಬಿಲ್ಲೆಯಲ್ಲಿರುವ '5' ಇನ್ನೊಂದು ಲೇಬಲ್. ಹೊಸ ಸೂಚನೆ ಇಲ್ಲದಿದ್ದರೆ ಎರಡನೆಯದನ್ನು ಮಾತ್ರ ಮರೆಮಾಡಬಹುದು. ಎಜಾಕ್ಸ್‌ನಲ್ಲಿ ಇಡೀ ಪುಟವನ್ನು ಮತ್ತೆ ತರದೆ ಆ ಸಂಖ್ಯೆಯನ್ನಷ್ಟೇ ಹೊಸತು ಮಾಡಬಹುದು. ಮುಂದೆ ಹೇಳುವ ಸೆಟ್‌ಬಾಡಿಯಲ್ಲಿ ಇದು ಆಗುವುದಿಲ್ಲ.

ಬೆಲೆ ಏನು? ಒಂದು ಮಾತಿಗೆ ಎರಡು ಕಾಂಪೊನೆಂಟ್, ಎರಡು ಐಡಿ. ಮೆನುವಿನಲ್ಲಿ ಹನ್ನೆರಡು ಲಿಂಕ್ ಇದ್ದರೆ ಇಪ್ಪತ್ತನಾಲ್ಕು. ಬರೀ ಮಾತಿಗಾಗಿ ಇಷ್ಟೆಲ್ಲ ಬೇಕಾಗಿಲ್ಲ.

ಲೇಬಲಿನ ಇನ್ನೊಂದು ಗುಣವನ್ನು ಇಲ್ಲೇ ಹೇಳುತ್ತೇನೆ, ಸೆಟ್‌ಬಾಡಿಗೂ ಇದು ಅನ್ವಯಿಸುತ್ತದೆ. ಕೊಟ್ಟ ಮಾತಿನಲ್ಲಿ ಎಚ್‌ಟಿಎಂಎಲ್ ಚಿಹ್ನೆಗಳಿದ್ದರೆ ವಿಕೆಟ್ ಅವನ್ನು ತಾನಾಗಿ ನಿರುಪದ್ರವಿ ಮಾಡುತ್ತದೆ. ಇದನ್ನು ನಿಲ್ಲಿಸುವ ಒಂದು ಮೆಥಡ್ ಇದೆ, ಸೆಟ್‌ಎಸ್ಕೇಪ್‌ಮಾಡೆಲ್‌ಸ್ಟ್ರಿಂಗ್ಸ್. ದಪ್ಪ ಅಕ್ಷರ ಬೇಕೆಂದು ಅದಕ್ಕೆ ಫಾಲ್ಸ್ ಕೊಟ್ಟು ಕೂತವರನ್ನು ನೋಡಿದ್ದೇನೆ. ಸೂಚನೆಯ ಶೀರ್ಷಿಕೆಯನ್ನು ಹೊರಗಿನವರು ಟೈಪ್ ಮಾಡುವ ಪುಟದಲ್ಲಿ ಹಾಗೆ ಮಾಡಬೇಡಿ. ಯಾರೋ ಶೀರ್ಷಿಕೆಯಲ್ಲಿ ಸ್ಕ್ರಿಪ್ಟ್ ಬರೆದರೆ ಅದು ನಿಮ್ಮ ಎಲ್ಲ ಓದುಗರ ಬ್ರೌಸರಿನಲ್ಲೂ ಓಡುತ್ತದೆ.

ಸೆಟ್‌ಬಾಡಿ

ಲಿಂಕಿನ ಮೇಲೆ ನೇರವಾಗಿ ಸೆಟ್‌ಬಾಡಿ ಕರೆದು ಒಂದು ಮಾಡೆಲ್, ಅಂದರೆ ಮಾತನ್ನು ತಂದುಕೊಡುವ ಆಬ್ಜೆಕ್ಟ್, ಕೊಟ್ಟರೆ ಸಾಕು. ಮಗು ಲೇಬಲ್ ಬೇಡ, ಎರಡನೇ ಐಡಿ ಬೇಡ. ಎಚ್‌ಟಿಎಂಎಲ್‌ನ ಎ ಟ್ಯಾಗಿನೊಳಗೆ ನಮೂನೆಗೆಂದು ಏನಾದರೂ ಬರೆದಿದ್ದರೆ ಅದನ್ನು ತೆಗೆದು ಈ ಮಾತನ್ನು ಕೂರಿಸುತ್ತದೆ. ಮಾತು ಡೇಟಾದಿಂದ ಬರುವಾಗ, ಒಳಗೆ ಬೇರೆ ಏನೂ ಇಲ್ಲದಿರುವಾಗ, ನಾನು ಕಣ್ಣುಮುಚ್ಚಿ ಇದನ್ನೇ ಹಿಡಿಯುತ್ತೇನೆ.

ಎರಡು ಎಚ್ಚರ ಬೇಕು. ಒಂದು, ಸೆಟ್‌ಬಾಡಿ ಕೊಟ್ಟ ಲಿಂಕಿನೊಳಗೆ ಮಗು ಕಾಂಪೊನೆಂಟನ್ನೂ ಇಡಬೇಡಿ. ಒಳಗಿನ ಎಚ್‌ಟಿಎಂಎಲ್ ಪೂರ್ತಿ ಹೋಗುವುದರಿಂದ ಆ ಮಗುವಿಗೆ ಜಾಗವೇ ಇರುವುದಿಲ್ಲ. ಡೆವಲಪ್‌ಮೆಂಟ್ ಮೋಡಿನಲ್ಲಿ ಕಾಂಪೊನೆಂಟ್ ತೋರಿಸಲಾಗಲಿಲ್ಲ ಎಂದು ವಿಕೆಟ್ ದೂರುತ್ತದೆ. ಎ ಟ್ಯಾಗಿನೊಳಗೆ ಡಿಸೈನರು ಹಾಕಿದ್ದ ಐಕಾನೂ ಹೀಗೇ ಸದ್ದಿಲ್ಲದೆ ಮಾಯವಾಗುತ್ತದೆ. ಆಗ ಯಾವ ದೂರೂ ಬರುವುದಿಲ್ಲ, ಐಕಾನ್ ಇಲ್ಲ ಅಷ್ಟೇ. ನನ್ನ ಒಂದು ಮಧ್ಯಾಹ್ನ ಇದರಲ್ಲೇ ಹೋಗಿದೆ.

ಎರಡನೆಯದು ಇನ್ನೂ ಮುಖ್ಯ. ಯಾವ ಮಾಡೆಲ್ ಕೊಡುತ್ತೀರಿ ಅನ್ನುವುದು. ಕನ್‌ಸ್ಟ್ರಕ್ಟರಿನಲ್ಲೇ ಗೆಟ್‌ಸ್ಟ್ರಿಂಗ್ ಕರೆದು, ಭಾಷೆಯ ಫೈಲಿನಿಂದ ಬಂದ ಮಾತನ್ನು ಮಾಡೆಲ್‌ಗೆ ತುಂಬಿದರೆ ಅದು ಅಲ್ಲಿಗೆ ಹೆಪ್ಪುಗಟ್ಟುತ್ತದೆ. ಪುಟ ತೆರೆದ ಮೇಲೆ ಓದುಗರು ಭಾಷೆ ಬದಲಿಸಿದರೂ ಆ ಲಿಂಕ್ ಹಳೆಯ ಭಾಷೆಯಲ್ಲೇ ಉಳಿಯುತ್ತದೆ. ಅದರ ಬದಲು ರಿಸೋರ್ಸ್‌ಮಾಡೆಲ್ ಕೊಡಿ. ಅದು ಪ್ರತಿ ಸಲ ಪುಟ ಬರೆಯುವಾಗ ಭಾಷೆ ಯಾವುದು ಎಂದು ನೋಡಿ ಮಾತು ತರುತ್ತದೆ. ಟೈಪ್ ಮಾಡುವ ಶ್ರಮ ಎರಡಕ್ಕೂ ಒಂದೇ.

ಹಾಗೆಯೇ ಡೇಟಾಬೇಸಿನ ಇಡೀ ಸಾಲನ್ನು ಮಾಡೆಲಿನೊಳಗೆ ಹಿಡಿದಿಡಬೇಡಿ. ವಿಕೆಟ್ ಪುಟವನ್ನು ಸೀರಿಯಲೈಸ್ ಮಾಡಿ, ಅಂದರೆ ಬೈಟುಗಳಾಗಿ ಬದಲಿಸಿ ಇಟ್ಟುಕೊಳ್ಳುತ್ತದೆ, ಮಾಡೆಲಿನೊಳಗೆ ಇರುವುದೂ ಅದರ ಜೊತೆ ಹೋಗುತ್ತದೆ. ಸಣ್ಣ ಮೆಮೊರಿಯ ಸರ್ವರ್ ಬಾಡಿಗೆಗೆ ತೆಗೆದುಕೊಂಡವರಿಗೆ ಇದರ ಬಿಸಿ ಬೇಗ ತಟ್ಟುತ್ತದೆ. ಲೋಡಬಲ್ ಡಿಟ್ಯಾಚಬಲ್ ಮಾಡೆಲ್ ಇರುವುದು ಇದಕ್ಕೇ. ಬೇಕಾದಾಗ ತರುತ್ತದೆ, ಕೆಲಸ ಆದ ಮೇಲೆ ಕೈಬಿಡುತ್ತದೆ.

ಭಾಷೆಯ ಫೈಲು, ವಿಕೆಟ್ ಮೆಸೇಜ್

ನಮ್ಮ ಊರಿಗೆ ಇದೇ ಬೇಕಾದದ್ದು. ಪುಟದ ಕ್ಲಾಸಿನ ಪಕ್ಕದಲ್ಲಿ ಅದೇ ಹೆಸರಿನ ಪ್ರಾಪರ್ಟೀಸ್ ಫೈಲು ಇಡುತ್ತೇವೆ. ಹೆಸರಿನ ಕೊನೆಗೆ ಅಡಿಗೆರೆ ಹಾಕಿ ಕನ್ನಡಕ್ಕೆ 'ಕೆಎನ್', ಮಲಯಾಳಕ್ಕೆ 'ಎಂಎಲ್'. ಒಳಗೆ ಸಾಲಿಗೊಂದು ಕೀಲಿ, ಅದರ ಮುಂದೆ ಮಾತು. ಎಚ್‌ಟಿಎಂಎಲ್‌ನಲ್ಲಿ ಎ ಟ್ಯಾಗಿನೊಳಗೆ ವಿಕೆಟ್ ಮೆಸೇಜ್ ಟ್ಯಾಗ್ ಇಟ್ಟು ಆ ಕೀಲಿ ಹೇಳಿದರೆ, ಓದುಗರ ಭಾಷೆಗೆ ತಕ್ಕ ಮಾತು ಬರುತ್ತದೆ. ಜಾವಾ ಕೋಡಿನಲ್ಲಿ ಬರಹಕ್ಕೆಂದು ಒಂದು ಸಾಲೂ ಬೇಡ. ಐಕಾನ್ ಪಕ್ಕದಲ್ಲಿದ್ದರೆ ಅದು ಹಾಗೇ ಇರುತ್ತದೆ.

ಕನ್ನಡದ ಫೈಲಿನಲ್ಲಿ ಕೀಲಿ ಸಿಗದಿದ್ದರೆ ವಿಕೆಟ್ ಭಾಷೆಯ ಗುರುತಿಲ್ಲದ ಮೂಲ ಫೈಲನ್ನು ನೋಡುತ್ತದೆ. ಮೂಲ ಫೈಲಿನಲ್ಲಿ ಯಾವ ಭಾಷೆ ಇಡಬೇಕು ಎಂದು ಸುಮ್ನೆ ತೀರ್ಮಾನಿಸಬೇಡಿ, ಸಂಘದವರನ್ನು ಕೇಳಿ. ಅನುವಾದ ಬಿಟ್ಟುಹೋದ ಕಡೆಯಲ್ಲೆಲ್ಲ ಕಾಣುವುದು ಅದೇ ಭಾಷೆ.

ಈಗ ಕನ್ನಡದವರು ಮೊದಲ ದಿನವೇ ಬೀಳುವ ಗುಂಡಿಯ ವಿಷಯ. ಫೈಲಿನಲ್ಲಿ 'ಇಂದಿನ ಧಾರಣೆ' ಎಂದು ಚೆಂದವಾಗಿ ಬರೆದಿರುತ್ತೀರಿ. ಪುಟ ತೆರೆದರೆ ಕನ್ನಡದ ಜಾಗದಲ್ಲಿ ತಲೆಯ ಮೇಲೆ ಗೀಟು ಹೊತ್ತ ರೋಮನ್ 'ಎ' ಅಕ್ಷರಗಳ ಸಾಲು. ಪ್ರತಿ ಅಕ್ಷರದ ಪಕ್ಕದಲ್ಲಿ ಮೇಲಕ್ಕೆ ಏರಿಸಿದ ಪುಟ್ಟ 2 ಅಥವಾ ಪುಟ್ಟ 3. ಇದನ್ನು ನೋಡಿದ ಕೂಡಲೇ ಕಾರಣ ಹೇಳಬಹುದು. ಯುಟಿಎಫ್-8 ಎಂಬ ಅಕ್ಷರ ಸಂಕೇತ ಕ್ರಮದಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಗುಣಿತದ ಚಿಹ್ನೆಗೂ ಮೂರು ಬೈಟ್. ಬರೀ ಪ್ರಾಪರ್ಟೀಸ್ ಎಂಬ ಕೊನೆಯಿರುವ ಫೈಲನ್ನು ವಿಕೆಟ್ ಹಳೆಯ ಐಎಸ್‌ಒ 8859-1 ಕ್ರಮದಲ್ಲಿ, ಬೈಟಿಗೊಂದು ಅಕ್ಷರ ಎಂದು ಓದುತ್ತದೆ. ಹಾಗಾಗಿ ನಮ್ಮ ಒಂದು ಅಕ್ಷರ ಮೂರು ತುಂಡಾಗುತ್ತದೆ.

ಪರಿಹಾರ ಮೂರು ಇವೆ. ಪ್ರತಿ ಅಕ್ಷರವನ್ನೂ ಯುನಿಕೋಡ್ ಸಂಖ್ಯೆಯಾಗಿ ಬರೆಯುವುದು ಹಳೆಯ ಕ್ರಮ. ಗುಮಾಸ್ತರಿಗೆ ಬಿಡಿ, ನಮಗೇ ಅದನ್ನು ಓದಲು ಬರುವುದಿಲ್ಲ. ಎರಡನೆಯದು ಎಕ್ಸ್‌ಎಂಎಲ್ ಕೊನೆಯ ಪ್ರಾಪರ್ಟೀಸ್ ಫೈಲು. ಅದು ಸರಿಯಾಗಿ ಕೆಲಸ ಮಾಡುತ್ತದೆ, ಆದರೆ ಒಂದು ಟ್ಯಾಗ್ ಮುಚ್ಚಲು ಮರೆತರೆ ಇಡೀ ಫೈಲು ಕೈಕೊಡುತ್ತದೆ. ಮೂರನೆಯದು, ಫೈಲಿನ ಹೆಸರಿನಲ್ಲಿ ಪ್ರಾಪರ್ಟೀಸ್‌ನ ಮೊದಲು 'ಯುಟಿಎಫ್8' ಎಂದು ಸೇರಿಸಿ ಚುಕ್ಕಿ ಇಡುವುದು. ವಿಕೆಟ್ ಅಂಥ ಫೈಲನ್ನು ಯುಟಿಎಫ್-8 ಎಂದೇ ಓದುತ್ತದೆ. ನಾನು ಇದನ್ನೇ ಬಳಸುವುದು. ಕಚೇರಿಯವರು ಮಾಮೂಲಿ ನೋಟ್‌ಪ್ಯಾಡಿನಲ್ಲಿ ತೆರೆದು ಕನ್ನಡವನ್ನು ಕನ್ನಡವಾಗಿಯೇ ತಿದ್ದಿ ನನಗೆ ಕಳಿಸುತ್ತಾರೆ.

ಇನ್ನು ಊರ ಹೆಸರು. ನಾವು ಕುಂಬಳೆ ಅನ್ನುವುದನ್ನು ಮಲಯಾಳದಲ್ಲಿ ಕುಂಬಳ ಎಂದು ಬರೆಯುತ್ತಾರೆ. ನಮ್ಮ ಬದಿಯಡ್ಕ ಅಲ್ಲಿ ಬದಿಯಡುಕ್ಕ, ಮಂಜೇಶ್ವರ ಅಲ್ಲಿ ಮಂಜೇಶ್ವರಂ. ಶಾಖೆಗಳ ಲಿಂಕ್ ಮಾಡುವಾಗ ಒಂದೇ ಹೆಸರನ್ನು ಎರಡು ಲಿಪಿಯಲ್ಲಿ ಬರೆದು ಮುಗಿಸುವುದು ಸರಿಯಲ್ಲ. ಊರಿನ ಕನ್ನಡ ಹೆಸರು ಉಳಿಯಬೇಕು ಎಂದು ನಾವು ಬೋರ್ಡಿನ ಬಗ್ಗೆ ಕೇಳುತ್ತೇವೆ. ವೆಬ್‌ಸೈಟಿನಲ್ಲಿ ಅದನ್ನು ಉಳಿಸುವುದು ನಮ್ಮದೇ ಕೈಯಲ್ಲಿದೆ. ಎರಡು ಫೈಲು, ಎರಡು ಹೆಸರು, ಎರಡೂ ಅವರವರು ಕರೆಯುವ ಹಾಗೆ.

ಮಾತಿನ ನಡುವೆ ಹೆಸರು ತುಂಬುವಾಗ ಇನ್ನೊಂದು ತೊಡಕು ಬರುತ್ತದೆ. ಸ್ಟ್ರಿಂಗ್ ರಿಸೋರ್ಸ್ ಮಾಡೆಲ್ ಬಳಸಿದರೆ ಫೈಲಿನ ಮಾತಿನಲ್ಲಿ ಖಾಲಿ ಜಾಗ ಬಿಟ್ಟು, ಅಲ್ಲಿಗೆ ಜಾವಾದಿಂದ ಹೆಸರು ತುಂಬಬಹುದು. ಇಂಗ್ಲಿಷಿನಲ್ಲಿ ಇದು ಸಲೀಸು. ಕನ್ನಡದಲ್ಲಿ ವಿಭಕ್ತಿ ಇದೆಯಲ್ಲ! ಖಾಲಿ ಜಾಗದ ಮುಂದೆ 'ದ ಧಾರಣೆ' ಎಂದು ಬರೆದಿಟ್ಟರೆ 'ಮಂಜೇಶ್ವರದ ಧಾರಣೆ' ಸರಿಯಾಗಿ ಬರುತ್ತದೆ. 'ಉಪ್ಪಳದ ಧಾರಣೆ'ಯೂ ಸರಿ. ಆಮೇಲೆ ಕುಂಬಳೆ ಬಂದರೆ 'ಕುಂಬಳೆದ', ಕಾಸರಗೋಡು ಬಂದರೆ 'ಕಾಸರಗೋಡುದ', ನೀರ್ಚಾಲು ಬಂದರೆ 'ನೀರ್ಚಾಲುದ'. ಕನ್ನಡ ಬಲ್ಲವರು ಯಾರೂ ಹೀಗೆ ಹೇಳುವುದಿಲ್ಲ. ಕುಂಬಳೆಯ, ಕಾಸರಗೋಡಿನ, ನೀರ್ಚಾಲಿನ ಎನ್ನಬೇಕು.

ಇದಕ್ಕೆ ಕೋಡಿನಲ್ಲಿ ವ್ಯಾಕರಣ ಬರೆಯಲು ಹೋಗಬೇಡಿ. ಹೆಸರು ಬೆರಳೆಣಿಕೆಯಷ್ಟಿದ್ದರೆ ಪ್ರತಿಯೊಂದಕ್ಕೂ ಪೂರ್ತಿ ಮಾತನ್ನೇ ಕೀಲಿ ಮಾಡಿ ಬರೆದಿಡಿ. ಜಾಸ್ತಿ ಇದ್ದರೆ ವಿಭಕ್ತಿ ಬೇಡದ ಹಾಗೆ ಮಾತು ಕಟ್ಟಿ: 'ಇಂದಿನ ಧಾರಣೆ: ನೀರ್ಚಾಲು'. ಕಿವಿಗೂ ಸಹಜ, ಯಾವ ಹೆಸರು ಬಂದರೂ ಕೆಡುವುದಿಲ್ಲ.

ಲಿಂಕ್ ಒಂದು ವಾಕ್ಯದ ನಡುವೆ ಬರುವುದಾದರೆ ವಿಕೆಟ್ ಮೆಸೇಜಿನ ಇನ್ನೊಂದು ಅನುಕೂಲ ನೆನಪಿಡಿ. ಆ ಟ್ಯಾಗಿನೊಳಗೇ ಲಿಂಕನ್ನು ಇಟ್ಟು, ಫೈಲಿನ ವಾಕ್ಯದಲ್ಲಿ ಡಾಲರ್ ಚಿಹ್ನೆ ಮತ್ತು ಪುಷ್ಪಾವರಣದೊಳಗೆ ಅದರ ಐಡಿ ಬರೆದರೆ ಲಿಂಕ್ ಆ ಜಾಗಕ್ಕೆ ಬಂದು ಕೂರುತ್ತದೆ. ಇಂಗ್ಲಿಷಿನಲ್ಲಿ ವಾಕ್ಯದ ಮೊದಲಿಗೆ ಇರುವ ಲಿಂಕ್ ಕನ್ನಡದಲ್ಲಿ ಕೊನೆಗೆ ಬರಬೇಕಾಗಬಹುದು. ಅದನ್ನು ಭಾಷೆಯ ಫೈಲೇ ನೋಡಿಕೊಳ್ಳುತ್ತದೆ, ಎಚ್‌ಟಿಎಂಎಲ್ ಮುಟ್ಟಬೇಕಾಗಿಲ್ಲ.

ಭಾಷೆಗೊಂದು ಇಡೀ ಎಚ್‌ಟಿಎಂಎಲ್ ಫೈಲನ್ನೇ ಇಡುವ ಅವಕಾಶವೂ ವಿಕೆಟ್‌ನಲ್ಲಿದೆ. ಪರಿಚಯ, ಇತಿಹಾಸದಂಥ ಉದ್ದ ಬರಹದ ಪುಟಕ್ಕೆ ಅದು ಸರಿ. ಮೆನು, ಪಟ್ಟಿಗಳಿರುವ ಪುಟಕ್ಕೆ ಬೇಡ. ಒಂದರಲ್ಲಿ ಲಿಂಕ್ ಸೇರಿಸಿ ಇನ್ನೊಂದರಲ್ಲಿ ಮರೆತರೆ ಒಂದು ಭಾಷೆಯವರಿಗೆ ಮಾತ್ರ ಪುಟ ಮುರಿದುಬೀಳುತ್ತದೆ.

ಪಟ್ಟಿಯೊಳಗಿನ ಲಿಂಕ್

ಲಿಸ್ಟ್‌ವ್ಯೂ ಎಂಬ ಪಟ್ಟಿಯ ಕಾಂಪೊನೆಂಟ್ ಬಳಸುತ್ತಿದ್ದರೆ ಚಿಂತೆಯಿಲ್ಲ. ಅದರ ಎಚ್‌ಟಿಎಂಎಲ್ ನಮ್ಮದೇ. ಎ ಟ್ಯಾಗ್ ಬರೆದು ಸೆಟ್‌ಬಾಡಿ ಕೊಟ್ಟರೆ ಆಯಿತು.

ತೊಂದರೆ ಬರುವುದು ಡೇಟಾಟೇಬಲ್‌ನಲ್ಲಿ. ಅದು ಉದ್ದ ಪಟ್ಟಿಯನ್ನು ಪುಟಪುಟವಾಗಿ ಒಡೆಯುತ್ತದೆ, ಕಾಲಂ ಮೇಲೆ ಒತ್ತಿದರೆ ವಿಂಗಡಣೆಯ ಕ್ರಮ ಬದಲಿಸುತ್ತದೆ. ಎಲ್ಲ ಚೆನ್ನ. ಆದರೆ ಪ್ರತಿ ಕೋಶದ ಎಚ್‌ಟಿಎಂಎಲ್ ಅದೇ ಬರೆದುಕೊಂಡಿರುತ್ತದೆ. ಅಲ್ಲಿರುವುದು ಒಂದು ಸ್ಪ್ಯಾನ್ ಟ್ಯಾಗ್ ಮಾತ್ರ. ಪಾಪ್ಯುಲೇಟ್‌ಐಟಂ ಎಂಬ ಕೋಶ ತುಂಬುವ ಮೆಥಡ್ಡಿನಲ್ಲಿ ನೀವು ಲಿಂಕನ್ನು ನೇರವಾಗಿ ಸೇರಿಸಿ ಸೆಟ್‌ಬಾಡಿ ಕೊಟ್ಟರೆ ಪುಟ ತೆರೆಯುತ್ತದೆ, ಮಾತು ಕಾಣುತ್ತದೆ, ಒತ್ತಿದರೆ ಕೆಲಸವೂ ಆಗುತ್ತದೆ. ಹಾಗಾಗಿ ಎಲ್ಲ ಸರಿಯಿದೆ ಅನಿಸುತ್ತದೆ. ನಿಜಕ್ಕೂ ಅಲ್ಲಿರುವುದು ಲಿಂಕ್ ಅಲ್ಲ. ಎ ಟ್ಯಾಗ್ ಸಿಗದ ಕಾರಣ ವಿಕೆಟ್ ಸ್ಪ್ಯಾನಿಗೇ ಕ್ಲಿಕ್ ಸ್ಕ್ರಿಪ್ಟ್ ಕಟ್ಟಿರುತ್ತದೆ. ಕೀಬೋರ್ಡಿನ ಟ್ಯಾಬ್ ಒತ್ತಿದರೆ ಅದರ ಮೇಲೆ ಗಮನ ನಿಲ್ಲುವುದಿಲ್ಲ. ಓದಿ ಹೇಳುವ ತಂತ್ರಾಂಶ ಅದನ್ನು ಲಿಂಕ್ ಎಂದು ಹೇಳುವುದಿಲ್ಲ. ಹೊಸ ಟ್ಯಾಬಿನಲ್ಲಿ ತೆರೆಯಲೂ ಆಗುವುದಿಲ್ಲ.

ಇಲ್ಲಿ ಸ್ವಲ್ಪ ಖರ್ಚು ಮಾಡಲೇಬೇಕು. ಒಂದು ಪುಟ್ಟ ಪ್ಯಾನೆಲ್ ಬರೆಯಿರಿ. ಅದಕ್ಕೆ ಅದರದೇ ಎಚ್‌ಟಿಎಂಎಲ್ ಫೈಲು ಇರುತ್ತದೆ, ಅದರೊಳಗೆ ನಿಜವಾದ ಎ ಟ್ಯಾಗ್. ಜಾವಾದಲ್ಲಿ ಮಾತಿನ ಮಾಡೆಲನ್ನೂ ಹೋಗುವ ಪುಟವನ್ನೂ ಕನ್‌ಸ್ಟ್ರಕ್ಟರಿಗೆ ಕೊಡಿ. ಒಟ್ಟು ಎರಡು ಫೈಲು, ಮೂವತ್ತು ನಲವತ್ತು ಸಾಲು. ಒಮ್ಮೆ ಬರೆದರೆ ಎಲ್ಲ ಟೇಬಲ್ಲಿಗೂ, ಮುಂದಿನ ಕೆಲಸಕ್ಕೂ ಅದೇ ಬರುತ್ತದೆ. ಒಂದೇ ಪುಟದಲ್ಲಿ ಒಂದೇ ಸಲ ಬೇಕಾದರೆ ಫ್ರಾಗ್ಮೆಂಟ್ ಸಾಕು. ಅದರ ಎಚ್‌ಟಿಎಂಎಲ್ ಪುಟದ ಫೈಲಿನಲ್ಲೇ ಒಂದು ಮೂಲೆಯಲ್ಲಿ ಇರುತ್ತದೆ, ಹೊಸ ಫೈಲು ಬೇಡ.

ಪಟ್ಟಿಯಲ್ಲಿ ಮಾತು ಯಾವುದಿರಬೇಕು ಅನ್ನುವುದನ್ನೂ ಯೋಚಿಸಿ. ಐದು ಸಾಲಿನಲ್ಲೂ 'ವಿವರ' ಎಂದು ಬರೆದರೆ ಲಿಂಕುಗಳ ಪಟ್ಟಿಯನ್ನು ಮಾತ್ರ ಕೇಳುವವರಿಗೆ 'ವಿವರ, ವಿವರ, ವಿವರ' ಎಂದಷ್ಟೇ ಕೇಳುತ್ತದೆ. ಬದಲಿಗೆ ಅಡಿಕೆಯ ಬಗೆಯ ಹೆಸರನ್ನೇ, ಅಂದರೆ 'ಕರಿಗೋಟು' ಎಂಬುದನ್ನೇ ಲಿಂಕ್ ಮಾಡಿ, ಕೊನೆಯ ಕಾಲಮನ್ನು ತೆಗೆದುಬಿಡಿ. ಫೋನಿನ ಕಿರಿದಾದ ಪರದೆಯಲ್ಲಿ ಜಾಗವೂ ಉಳಿಯುತ್ತದೆ. ಸಂಘದ ಪುಟದಲ್ಲಿ ನಾನು ಮಾಡಿದ್ದು ಇದನ್ನೇ.

ಐಕಾನ್ ಮಾತ್ರ ಇರುವ ಲಿಂಕ್

ಪ್ರಿಂಟರಿನ ಚಿತ್ರ, ಫೋನಿನ ಚಿತ್ರ ಮಾತ್ರ ಇರುವ ಲಿಂಕಿಗೂ ಹೆಸರು ಬೇಕು. ಟೈಟಲ್ ಆಟ್ರಿಬ್ಯೂಟನ್ನು ನಂಬಬೇಡಿ. ಮೌಸ್ ಇಟ್ಟಾಗ ಕಾಣುವ ಆ ಮಾತು ಫೋನಿನಲ್ಲಿ ಬೆರಳಿಗೆ ಸಿಗುವುದಿಲ್ಲ. ಓದಿ ಹೇಳುವ ತಂತ್ರಾಂಶಕ್ಕೆಂದು ಹೆಸರು ಕೊಡುವ ಏರಿಯಾ-ಲೇಬಲ್ ಆಟ್ರಿಬ್ಯೂಟ್ ಹಾಕಿ, ಇಲ್ಲವೇ ಚಿತ್ರದ ಆಲ್ಟ್ ಆಟ್ರಿಬ್ಯೂಟ್ ತುಂಬಿ. ವಿಕೆಟ್ ಮೆಸೇಜನ್ನು ಆಟ್ರಿಬ್ಯೂಟಿನ ರೂಪದಲ್ಲಿ ಬಳಸಿದರೆ ಈ ಮಾತೂ ಭಾಷೆಯ ಫೈಲಿನಿಂದಲೇ ಬರುತ್ತದೆ. ಮಾತು ಡೇಟಾದಿಂದ ಬರುವುದಾದರೆ ಜಾವಾದಲ್ಲಿ ಆಟ್ರಿಬ್ಯೂಟ್ ಮಾಡಿಫೈಯರ್ ಸೇರಿಸಿ. ಕಣ್ಣಿಗೆ ಕಾಣುವ ಮಾತು ಇರುವ ಲಿಂಕಿಗೆ ಏರಿಯಾ-ಲೇಬಲ್ ಹಾಕುವುದಾದರೆ ಕಾಣುವ ಮಾತು ಅದರೊಳಗೆ ಇರಲೇಬೇಕು. ದನಿಯಿಂದ ಫೋನ್ ನಡೆಸುವವರು ಕಂಡ ಮಾತನ್ನೇ ಹೇಳುತ್ತಾರೆ.

ಹೊರಗಿನ ತಾಣಕ್ಕೆ ಹೋಗುವ ಲಿಂಕಿಗೆ ಹೆಚ್ಚು ಹೇಳುವುದಿಲ್ಲ. ಎಕ್ಸ್‌ಟರ್ನಲ್ ಲಿಂಕ್ ಕಾಂಪೊನೆಂಟಿನ ಕನ್‌ಸ್ಟ್ರಕ್ಟರಿಗೇ ವಿಳಾಸ ಮತ್ತು ಮಾತು ಎರಡನ್ನೂ ಕೊಡಬಹುದು. ವಿಳಾಸ, ಮಾತು ಎರಡೂ ಬದಲಾಗದಿದ್ದರೆ ವಿಕೆಟ್ ಐಡಿಯೇ ಬೇಡ, ಮಾಮೂಲಿ ಎಚ್‌ಟಿಎಂಎಲ್ ಸಾಕು.

ಯಾರು ಯಾವುದನ್ನು ಹಿಡಿಯಬಹುದು

ಊರಿನ ವಾಚನಾಲಯಕ್ಕೆ ಐದು ಪುಟದ ಸೈಟು, ಕನ್ನಡ ಮಾತ್ರ, ಕೈಯಲ್ಲಿರುವುದು ಒಂದು ವಾರ. ಮೆನುವನ್ನು ಎಚ್‌ಟಿಎಂಎಲ್‌ನಲ್ಲೇ ಬರೆಯಿರಿ. ಪುಸ್ತಕಗಳ ಪಟ್ಟಿಗೆ ಲಿಸ್ಟ್‌ವ್ಯೂ, ಪುಸ್ತಕದ ಹೆಸರಿಗೆ ಸೆಟ್‌ಬಾಡಿ. ಭಾಷೆಯ ಫೈಲು ಬೇಡ. ಮುಂದೆ ಬೇಕಾದರೆ ಐದು ಪುಟವನ್ನು ಬದಲಿಸುವುದಕ್ಕೆ ಒಂದು ದಿನ ಸಾಕು.

ಸಹಕಾರಿ ಸಂಘ, ಪಂಚಾಯಿತಿ ಮಟ್ಟದ ಕೆಲಸ, ಎರಡು ಭಾಷೆ, ಮೂವತ್ತು ನಲವತ್ತು ಪುಟ. ಮೊದಲ ದಿನದಿಂದಲೇ ಭಾಷೆಯ ಫೈಲಿಗೆ ಹೋಗಿ. ಈಗ ಒಂದೇ ಭಾಷೆ ಸಾಕು ಎಂದು ಅವರು ಹೇಳಿದರೂ ಹಾಗೇ ಮಾಡಿ. ಪುಟಗಳೆಲ್ಲ ಆದ ಮೇಲೆ ಒಂದೊಂದೇ ಮಾತನ್ನು ಹುಡುಕಿ ಹೊರತೆಗೆಯುವುದು ತುಂಬಾ ಬೇಸರದ ಕೆಲಸ, ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಟೇಬಲ್ಲುಗಳಿಗೆ ಪ್ಯಾನೆಲ್ ಬರೆದುಕೊಳ್ಳಿ. ಸಂಖ್ಯೆಯ ಬಿಲ್ಲೆ ಇರುವ ಕಡೆ ಮಾತ್ರ ಮಗು ಲೇಬಲ್.

ಹಳೆಯ ಸೈಟನ್ನು ಬೇರೆಯವರಿಂದ ವಹಿಸಿಕೊಂಡಿದ್ದರೆ ಎಲ್ಲೆಡೆ ಲಿಂಕಿನೊಳಗೆ ಲೇಬಲ್ ಕಾಣುತ್ತದೆ. ಅವನ್ನೆಲ್ಲ ಸೆಟ್‌ಬಾಡಿಗೆ ಬದಲಿಸಲು ಕೂರಬೇಡಿ. ಅದು ಕೆಟ್ಟಿಲ್ಲ, ಉದ್ದವಾಗಿದೆ ಅಷ್ಟೇ. ಆ ಸಮಯವನ್ನು 'ಇಲ್ಲಿ ಒತ್ತಿ', 'ವ್ಯೂ' ಎಂಬ ಮಾತುಗಳನ್ನು ತಿದ್ದುವುದಕ್ಕೆ ಕೊಡಿ.

ಬದಿಯಡ್ಕದ ಗೆಳೆಯರದ್ದು ಎರಡನೇ ಬಗೆಯ ಕೆಲಸ. ಅವರಿಗೆ ಮೊದಲು ಫೈಲಿನ ಹೆಸರಿನಲ್ಲಿ 'ಯುಟಿಎಫ್8' ಸೇರಿಸಲು ಹೇಳಿದ್ದೇನೆ. ಆಮೇಲೆ ಫೋನಿನಲ್ಲಿ ಟಾಕ್‌ಬ್ಯಾಕ್ ಎಂಬ ಓದಿ ಹೇಳುವ ತಂತ್ರಾಂಶ ಹಾಕಿ, ಪರದೆ ನೋಡದೆ, ಮುಖಪುಟದ ಲಿಂಕುಗಳನ್ನು ಒಂದೊಂದಾಗಿ ಕೇಳಲು ಹೇಳಿದ್ದೇನೆ. ಎಲ್ಲಿ ಕೇಳಿ ಅರ್ಥವಾಗಲಿಲ್ಲವೋ ಆ ಲಿಂಕುಗಳ ಪಟ್ಟಿ ಮಾಡಿಕೊಂಡು ಶನಿವಾರ ಬರುತ್ತಾರೆ. ಕೂತು ಒಂದೊಂದಕ್ಕೂ ಕನ್ನಡ ಹುಡುಕಬೇಕು.